ನಾಯಿಮರಿಗಳ ರಕ್ತಭೇದಿ: ಪಾರ್ವೋ ರೋಗವನ್ನು ತಡೆಯುವುದು ಹೇಗೆ?



ಎತ್ತಿನ ಗಂಟಲುಬೇನೆ, ಎಮ್ಮೆಯ ಕೆಚ್ಚಲುಬಾವು, ಕುರಿಯ ಕರುಳುಬೇನೆ ಇವನ್ನು ಕುರಿತು ಎಷ್ಟು ಸಲ ಬರೆದರೂ ಓದುವವರುಂಟು. ನಾಯಿಯ ರೋಗಕ್ಕೂ ಒಂದು ಪಾಠ ಬೇಕೇ ಎಂದು ಕೆಲವರು ಕೇಳಬಹುದು. ಹಾಗೆ ಕೇಳುವವರು ಒಂದು ರಾತ್ರಿ ಕುರಿದಡ್ಡಿಯ ಹತ್ತಿರ ಮಲಗಿ ನೋಡಬೇಕು. ತೋಳ ಬಂದ ಸುಳಿವು ಮೊದಲು ಹತ್ತುವುದು ಕುರಿಗಾರನಿಗಲ್ಲ, ಅವನ ನಾಯಿಗೆ. ಇಟ್ಟಂಗಿಹಾಳದಿಂದ ತಿಕೋಟಾ, ಬಬಲೇಶ್ವರದವರೆಗಿನ ಊರುಗಳಲ್ಲಿ ಹೊಲದ ಮನೆ, ದ್ರಾಕ್ಷಿ ಪಡ, ಕಣ, ಕುರಿಹಿಂಡು ಇವೆಲ್ಲಕ್ಕೂ ರಾತ್ರಿಯ ಕಾವಲು ನಾಯಿಯದೇ. ಅದಕ್ಕೆ ಸಂಬಳವಿಲ್ಲ, ಎರಡು ಹೊತ್ತಿನ ರೊಟ್ಟಿ, ನುಚ್ಚು ಅಷ್ಟೆ. ಅಂಥ ಪ್ರಾಣಿಯ ಮರಿಯನ್ನು ಮೂರು ದಿನದಲ್ಲಿ ಕೊಲ್ಲುವ ರೋಗವನ್ನು ನಾವು ತಿಳಿದಿರಬೇಕಾದುದು ಅವಶ್ಯ.

ಒಂದು ಪ್ರಸಂಗ

ಇಂಥ ಒಂದು ಪ್ರಸಂಗವನ್ನು ಎಣಿಸಿಕೊಳ್ಳಿರಿ. ಒಬ್ಬ ಕುರಿಗಾರನು ಹಣ ಕೂಡಿಸಿ ಒಂದೂವರೆ ತಿಂಗಳ ಒಳ್ಳೆಯ ಜಾತಿಯ ಮರಿಯನ್ನು ತಂದನು. ತಂದ ವಾರದಲ್ಲಿ ಒಂದು ಚುಚ್ಚುಮದ್ದನ್ನೂ ಹಾಕಿಸಿದನು. ಇನ್ನು ಚಿಂತೆಯಿಲ್ಲ ಎಂದುಕೊಂಡನು. ತಿಂಗಳೊಳಗೆ ಮರಿ ಅನ್ನ ಬಿಟ್ಟಿತು, ವಾಂತಿ ಮಾಡಿತು, ರಕ್ತ ಬೆರೆತ ಭೇದಿ ಹತ್ತಿ ಮೂರನೆಯ ದಿನ ಸತ್ತಿತು. ಮನೆಯವರು ಮರುಗಿದರು. ಎರಡು ತಿಂಗಳು ಕಳೆದ ಮೇಲೆ ಅವನು ಇನ್ನೊಂದು ಮರಿ ತಂದು ಅದೇ ಅಂಗಳದಲ್ಲಿ, ಅದೇ ಗೂಟಕ್ಕೆ ಕಟ್ಟಿದನು. ಅದೂ ಹತ್ತು ದಿನದಲ್ಲಿ ಅದೇ ರೀತಿ ಸತ್ತಿತು. ಆಗ ಕೆಲವರು ದೃಷ್ಟಿ ತಗಲಿತೆಂದರು. ಕೆಲವರು ಆ ಮನೆಗೆ ನಾಯಿ ಆಗಿಬರುವುದಿಲ್ಲವೆಂದರು. ಚುಚ್ಚುಮದ್ದೇ ಸುಳ್ಳೆಂದರು ಇನ್ನು ಕೆಲವರು.

ದೃಷ್ಟಿಯೂ ಅಲ್ಲ, ಮನೆಯ ದೋಷವೂ ಅಲ್ಲ. ಅವನಿಂದ ಆದ ತಪ್ಪುಗಳು ಎರಡು. ಒಂದನೆಯದು, ಒಂದೇ ಚುಚ್ಚುಮದ್ದಿಗೆ ನಿಲ್ಲಿಸಿದ್ದು. ಎರಡನೆಯದು, ಮರಿ ಸತ್ತ ಅಂಗಳಕ್ಕೆ ರಕ್ಷಣೆಯಿಲ್ಲದ ಎಳೆಯ ಮರಿಯನ್ನು ತಂದದ್ದು. ಈ ಎರಡು ತಪ್ಪುಗಳು ಏಕೆ ಇಷ್ಟು ದುಬಾರಿಯಾದವು ಎಂಬುದೇ ಈ ಪಾಠದ ವಿಷಯ.

ಇದು ಹೊಸ ರೋಗ

"ನಮ್ಮ ಅಜ್ಜನ ಕಾಲದಲ್ಲಿ ನಾಯಿಗೆ ಯಾರು ಚುಚ್ಚುಮದ್ದು ಹಾಕಿಸುತ್ತಿದ್ದರು?" ಎಂದು ಕೇಳುವವರುಂಟು. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರವೂ ಇದೆ. ಅಜ್ಜನ ಕಾಲದಲ್ಲಿ ಈ ರೋಗವೇ ಇರಲಿಲ್ಲ.

ಬೆಕ್ಕುಗಳಲ್ಲಿ ಇಂಥದೇ ಒಂದು ಮಾರಕ ಭೇದಿ ಬಹಳ ಹಿಂದಿನಿಂದ ಇತ್ತು. ಆ ಬೆಕ್ಕಿನ ವೈರಸ್ಸೋ ಅದರ ಹತ್ತಿರದ ಬಳಗದ ವೈರಸ್ಸೋ ಅಲ್ಪಸ್ವಲ್ಪ ಬದಲಾಗಿ ನಾಯಿಯ ಮೈಯನ್ನು ಹೊಕ್ಕಿತೆಂದು ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. 1978ರಲ್ಲಿ ಈ ರೋಗ ಹಲವು ದೇಶಗಳಲ್ಲಿ ಒಮ್ಮೆಲೇ ಎದ್ದಿತು. ಎರಡು ವರ್ಷಗಳ ಒಳಗೆ ಭೂಮಂಡಲವನ್ನೆಲ್ಲ ಸುತ್ತಿತು. ಯಾವ ನಾಯಿಯ ಮೈಯಲ್ಲಿಯೂ ಇದಕ್ಕೆ ಎದುರು ನಿಲ್ಲುವ ಶಕ್ತಿ ಇರದಿದ್ದ ಕಾರಣ ದೊಡ್ಡ ನಾಯಿಗಳೂ ಸತ್ತವು. 1980ರ ದಶಕದ ಆರಂಭದಲ್ಲಿ ಮದ್ರಾಸಿನಲ್ಲಿ ಇದು ಕಂಡಿತು. ಅನಂತರ ದೇಶದ ಎಲ್ಲ ಭಾಗಗಳಿಗೂ ಹರಡಿತು. ಅಂದಿನಿಂದ ವೈರಸ್ಸು ತನ್ನ ರೂಪವನ್ನು ಸ್ವಲ್ಪ ಸ್ವಲ್ಪ ಬದಲಿಸಿಕೊಂಡಿದೆ. ಆದರೂ ಈಗಿನ ಚುಚ್ಚುಮದ್ದು ಅದನ್ನು ತಡೆಯಬಲ್ಲದು.

ನಮ್ಮ ನೆರೆಯ ಮುಧೋಳದ ಹೆಸರನ್ನು ಇಲ್ಲಿ ಹೇಳಲೇಬೇಕು. ಮುಧೋಳ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. 1997ಕ್ಕಿಂತ ಮುಂಚೆ ನಮ್ಮ ಜಿಲ್ಲೆಯಲ್ಲಿಯೇ ಇತ್ತು. ಅಲ್ಲಿಯ ಉದ್ದ ಕಾಲಿನ, ತೆಳು ಹೊಟ್ಟೆಯ ಬೇಟೆನಾಯಿಗೆ ಘೋರ್ಪಡೆ ರಾಜಮನೆತನದವರು ಆಶ್ರಯ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆಯವರು ಅದರ ಚಿತ್ರದ ಅಂಚೆಚೀಟಿ ತಂದರು. 2016ರಲ್ಲಿ ಮುಧೋಳದ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್ತಿಗೆ ಹೋದವು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಆ ಭಾಗದಲ್ಲಿ ಮರಿ ಸಾಕಿ ಮಾರಿ ಸಂಸಾರಕ್ಕೆ ಆಸರೆ ಮಾಡಿಕೊಂಡ ಕುಟುಂಬಗಳು ಬಹಳ. ಓಡುವುದರಲ್ಲಿ ಈ ಜಾತಿ ಹೆಸರುವಾಸಿ. ಆದರೆ ಪಾರ್ವೋ ರೋಗ ಜಾತಿ ನೋಡುವುದಿಲ್ಲ. ರಾಜರು ಸಾಕಿದ ಜಾತಿಯ ಮರಿಯೂ ಓಣಿಯ ಕಂತ್ರಿ ಮರಿಯೂ ಇದಕ್ಕೆ ಒಂದೇ.

ರೋಗದ ಮೂಲ

ಲ್ಯಾಟಿನ್ ಭಾಷೆಯಲ್ಲಿ ಪಾರ್ವೋ ಎಂದರೆ ಸಣ್ಣದು ಎಂದರ್ಥ. ಹೆಸರಿಗೆ ತಕ್ಕಂತೆ ಈ ವೈರಸ್ಸು ತೀರ ಸಣ್ಣದು. ಒಂದರ ಪಕ್ಕ ಒಂದನ್ನು ಇಟ್ಟರೆ ಒಂದು ಮಿಲಿಮೀಟರಿನಲ್ಲಿ ಸುಮಾರು 40,000 ವೈರಸ್ಸುಗಳು ಹಿಡಿಯುತ್ತವೆ. ಸಣ್ಣದಾದರೂ ಗಟ್ಟಿ ಜೀವ. ಏಕೆಂಬುದನ್ನು ತಿಳಿಯಬೇಕು.

2020ರಲ್ಲಿ ಕೊರೋನಾ ಬಂದಾಗ ಸಾಬೂನಿನಿಂದ ಕೈ ತೊಳೆಯಿರಿ ಎಂದು ಊರೂರಿಗೆ ಹೇಳಿದ್ದು ನಿಮಗೆ ನೆನಪಿರಬಹುದು. ಕೊರೋನಾ ವೈರಸ್ಸಿನ ಮೇಲೆ ಕೊಬ್ಬಿನ ಹೊದಿಕೆ ಇದೆ. ಸಾಬೂನು ಕೊಬ್ಬನ್ನು ಕರಗಿಸುತ್ತದೆ; ಹೊದಿಕೆ ಹರಿದ ವೈರಸ್ಸು ಕೆಲಸಕ್ಕೆ ಬಾರದು. ಪಾರ್ವೋ ವೈರಸ್ಸಿಗೆ ಈ ಹೊದಿಕೆಯೇ ಇಲ್ಲ. ಕರಗಿಸಲು ಕೊಬ್ಬಿಲ್ಲದಿರುವುದರಿಂದ ಸಾಬೂನು ಅದನ್ನು ಕೊಲ್ಲಲಾರದು; ತೊಳೆದು ಕೆಳಗೆ ಬಿಡುತ್ತದೆ ಅಷ್ಟೆ. ಫೆನಾಯಿಲನ್ನೂ ನಂಬುವಂತಿಲ್ಲ. ನೆರಳು, ತಂಪು, ತೇವ ಇರುವ ಮಣ್ಣಿನಲ್ಲಿ ಈ ವೈರಸ್ಸು ತಿಂಗಳುಗಟ್ಟಲೆ, ಒಂದೊಂದು ಕಡೆ ಒಂದು ವರ್ಷದವರೆಗೂ ಜೀವ ಹಿಡಿದುಕೊಂಡಿರುತ್ತದೆ.

ರೋಗ ಹತ್ತಿದ ನಾಯಿಯ ಮಲದಲ್ಲಿ ವೈರಸ್ಸು ಕೋಟಿಗಟ್ಟಲೆ ಹೊರಗೆ ಬರುತ್ತದೆ. ಮಲ ಒಣಗಿ ಮಣ್ಣಾಗುತ್ತದೆ, ವೈರಸ್ಸು ಉಳಿಯುತ್ತದೆ. ಚಪ್ಪಲಿಯ ಅಡಿ, ಗಾಡಿಯ ಗಾಲಿ, ಗೋಣಿಚೀಲ, ನಾಯಿಯ ತಟ್ಟೆ, ಸರಪಳಿ, ನೊಣ, ನಮ್ಮ ಕೈ, ಇವೆಲ್ಲ ಅದನ್ನು ಹೊತ್ತು ತರುತ್ತವೆ. ಆದ್ದರಿಂದ "ನಮ್ಮ ಮರಿ ಹೊಸ್ತಿಲು ದಾಟಿಲ್ಲ, ರೋಗ ಹೇಗೆ ಬಂತು?" ಎಂದು ಆಶ್ಚರ್ಯಪಡಬೇಕಾಗಿಲ್ಲ. ಮರಿ ಹೊರಗೆ ಹೋಗದಿದ್ದರೇನು, ಮನೆಯವರು ಹೋಗಿ ಬರುತ್ತಾರಲ್ಲ? ಇಟ್ಟಂಗಿಹಾಳದಂಥ ಊರು ನಗರದ ಮಗ್ಗುಲಲ್ಲಿಯೇ ಇದೆ. ದಿನವೂ ಪೇಟೆಗೆ ಹೋಗಿ ಬರುವ ಜನ, ಸಂತೆ, ಬೀದಿನಾಯಿ ಇರುವಲ್ಲಿ ಈ ವೈರಸ್ಸಿಗೆ ದಾರಿ ಬೇಕಾದಷ್ಟು.

ಮೈಯೊಳಗೆ ಏನಾಗುತ್ತದೆ?

ಈ ವೈರಸ್ಸು ಸುಮ್ಮನಿರುವ ಜೀವಕಣಗಳಲ್ಲಿ ಬೆಳೆಯಲಾರದು. ಒಂದು ಎರಡಾಗಿ ಒಡೆದು ಬೆಳೆಯುತ್ತಿರುವ ಜೀವಕಣಗಳೇ ಇದಕ್ಕೆ ಬೇಕು. ಮರಿಯ ಮೈಯಲ್ಲಿ ಅಂಥ ಎರಡು ಜಾಗಗಳು ಮುಖ್ಯ. ಒಂದು ಕರುಳಿನ ಒಳಪದರು. ಇನ್ನೊಂದು ಎಲುಬಿನೊಳಗಿನ ಮಜ್ಜೆ.

ಕರುಳಿನ ಒಳಪದರು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಲೇ ಇರುತ್ತದೆ. ಹೊಸ ಪದರು ಹುಟ್ಟುವ ಬೇರನ್ನೇ ವೈರಸ್ಸು ಕಡಿಯುತ್ತದೆ. ಹಳೆಯದು ಉದುರುತ್ತದೆ, ಹೊಸದು ಬರುವುದಿಲ್ಲ. ಆಗ ಕುಡಿದ ನೀರೂ ಮೈಗೆ ಹತ್ತುವುದಿಲ್ಲ. ಮೈಯೊಳಗಿನ ನೀರೂ ರಕ್ತವೂ ಕರುಳಿಗೆ ಸೋರುತ್ತವೆ. ಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳು ಮೈಯ ಕಾವಲುಗಾರರು. ಅವೂ ಕಡಿಮೆಯಾಗುತ್ತವೆ. ಗೋಡೆ ಬಿದ್ದ ಮನೆಯಲ್ಲಿ ಕಾವಲುಗಾರನೂ ಇಲ್ಲವೆಂದರೆ ಹೇಗೆ? ಕರುಳಿನಲ್ಲಿರುವ ಬೇರೆ ರೋಗಾಣುಗಳು ರಕ್ತಕ್ಕೆ ನುಗ್ಗುತ್ತವೆ. ಮರಿ ಸಾಯುವುದು ಈ ಎರಡರಿಂದ: ಮೈಯ ನೀರು ಬತ್ತುವುದರಿಂದ, ರಕ್ತ ನಂಜಾಗುವುದರಿಂದ.

ರೋಗದ ಲಕ್ಷಣಗಳು

ವೈರಸ್ಸು ಮೈ ಹೊಕ್ಕ ಮೂರರಿಂದ ಏಳು ದಿನಗಳಲ್ಲಿ ಸಾಮಾನ್ಯವಾಗಿ ರೋಗ ಕಾಣಿಸಿಕೊಳ್ಳುತ್ತದೆ. ಆರು ವಾರದಿಂದ ಆರು ತಿಂಗಳವರೆಗಿನ ಮರಿಗಳಿಗೆ ಅಪಾಯ ಹೆಚ್ಚು.

ಮೊದಲನೆಯ ದಿನ ಮರಿ ಮಂಕಾಗುತ್ತದೆ. ಕರೆದರೆ ಬಾಲ ಅಲ್ಲಾಡಿಸುವುದಿಲ್ಲ, ಅನ್ನ ಮೂಸಿ ಬಿಡುತ್ತದೆ. ಜ್ವರ ಬರಬಹುದು. ಆಮೇಲೆ ವಾಂತಿ ಹತ್ತುತ್ತದೆ. ಮೊದಲು ತಿಂದದ್ದು, ಅನಂತರ ಹಳದಿ ಇಲ್ಲವೆ ಬಿಳಿ ನೊರೆ. ಒಂದೆರಡು ದಿನದಲ್ಲಿ ನೀರಿನಂಥ ಭೇದಿ ಆರಂಭವಾಗಿ ಅದರಲ್ಲಿ ರಕ್ತ ಬೆರೆಯುತ್ತದೆ. ಅದರ ನಾತ ತೀರ ಕೆಟ್ಟದು. ಕಣ್ಣು ಗುಳಿ ಬೀಳುತ್ತವೆ, ಬಾಯಿ ಒಣಗುತ್ತದೆ, ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟರೆ ತಟ್ಟನೆ ಕೂಡುವುದಿಲ್ಲ. ರೋಗ ಕಂಡ ಎರಡು ಮೂರು ದಿನಗಳಲ್ಲಿ ಬಹಳ ಮರಿಗಳು ಸಾಯುತ್ತವೆ.

ಜಂತುಹುಳದಿಂದಲೂ ಕೆಟ್ಟ ಆಹಾರದಿಂದಲೂ ರಕ್ತಭೇದಿ ಆಗಬಹುದು. ಯಾವುದರಿಂದ ಆಯಿತೆಂಬುದನ್ನು ಪಶುವೈದ್ಯರು ಮಲ ಪರೀಕ್ಷೆ ಮಾಡಿ ಹೇಳುತ್ತಾರೆ. ಚುಚ್ಚುಮದ್ದು ಪೂರ್ತಿಯಾಗದ ಮರಿಗೆ ವಾಂತಿ, ಭೇದಿ ಎರಡೂ ಕೂಡಿ ಬಂದರೆ ಪಾರ್ವೋ ಎಂದೇ ತಿಳಿದು ನಡೆಯುವುದು ಕ್ಷೇಮ.

ರೋಗ ಬಂದಾಗ ಮಾಡತಕ್ಕದ್ದು

ಈ ವೈರಸ್ಸನ್ನೇ ಕೊಲ್ಲುವ ಗುಳಿಗೆ ನಮ್ಮ ದವಾಖಾನೆಗಳಲ್ಲಿಲ್ಲ. ಹಾಗೆಂದು ಕೈ ಚೆಲ್ಲಬೇಕಾಗಿಲ್ಲ. ಮರಿಯ ಮೈ ತಾನಾಗಿ ವೈರಸ್ಸನ್ನು ಸೋಲಿಸಲು ಕೆಲವು ದಿನ ಬೇಕು. ಅಷ್ಟು ದಿನ ಮರಿಯನ್ನು ಬದುಕಿಸಿಡುವುದೇ ಚಿಕಿತ್ಸೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಹತ್ತು ಮರಿಗಳಲ್ಲಿ ಒಂಬತ್ತರವರೆಗೆ ಸಾಯುವುದುಂಟು. ಬೇಗ ಒಯ್ದು ಚೆನ್ನಾಗಿ ಚಿಕಿತ್ಸೆ ಮಾಡಿಸಿದರೆ ಹತ್ತರಲ್ಲಿ ಏಳೆಂಟು ಬದುಕುತ್ತವೆ.

ಮೂರು ಕಿಲೋ ತೂಕದ ಮರಿಯ ಮೈಯಿಂದ 300 ಮಿಲಿಲೀಟರ್ ನೀರು ಹೋದರೆ ಅದರ ಜೀವಕ್ಕೆ ಅಪಾಯ. ಇದು ಒಂದು ದೊಡ್ಡ ಲೋಟದಷ್ಟು ಮಾತ್ರ. ಹತ್ತಾರು ಸಲ ವಾಂತಿ ಭೇದಿಯಾದರೆ ಅಷ್ಟು ಹೋಗಲು ಒಂದು ದಿನ ಸಾಕು. ಆದ್ದರಿಂದ ನಾಳೆ ನೋಡೋಣ ಎನ್ನಬಾರದು. ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ರಕ್ತನಾಳದ ಮೂಲಕ ಸಲೈನ್ ಕೊಡುತ್ತಾರೆ, ವಾಂತಿ ನಿಲ್ಲಿಸುವ ಔಷಧ ಕೊಡುತ್ತಾರೆ, ರಕ್ತ ನಂಜಾಗದಂತೆ ಬೇರೆ ಔಷಧವನ್ನೂ ಕೊಡುತ್ತಾರೆ. ಒಂದು ದಿನ ಸಲೈನ್ ಕೊಡಿಸಿ, ಮರಿ ಕಣ್ಣು ತೆರೆಯಿತೆಂದು ಮರುದಿನ ಬಿಡಬಾರದು. ವೈದ್ಯರು ಸಾಕೆನ್ನುವವರೆಗೆ ಒಯ್ಯಬೇಕು.

ವಾಂತಿ ಮಾಡುತ್ತಿರುವ ಮರಿಯ ಬಾಯಿಗೆ ಹಾಲು, ಎಣ್ಣೆ, ಅರಿಷಿಣದ ನೀರು ಒತ್ತಾಯದಿಂದ ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಕೇಡಾಗುತ್ತದೆ. ಮನುಷ್ಯರ ಭೇದಿ ಕಟ್ಟುವ ಗುಳಿಗೆ, ಜ್ವರದ ಗುಳಿಗೆ ಕೊಡಬಾರದು. ಮರಿಯನ್ನು ಬೆಚ್ಚಗೆ, ಒಣಗಿದ ಗೋಣಿಯ ಮೇಲೆ ಮಲಗಿಸಬೇಕು. ವಾಂತಿ ನಿಂತ ಮೇಲೆ ವೈದ್ಯರ ಸಲಹೆಯಂತೆ ತೆಳು ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು.

ಬದುಕಿದ ಮರಿಗೆ ಈ ರೋಗ ಮತ್ತೆ ಬರುವುದು ಅಪರೂಪ. ಆದರೆ ಅದರ ಮಲದಲ್ಲಿ ಕೆಲದಿನ ವೈರಸ್ಸು ಬರುತ್ತಲೇ ಇರುತ್ತದೆ. ಮೂರು ವಾರ ಅದನ್ನು ಬೇರೆ ಮರಿಗಳ ಹತ್ತಿರ ಬಿಡಬಾರದು.

ಮರಿ ಸತ್ತ ಅಂಗಳ

ಸತ್ತ ಮರಿಯನ್ನು ಹಳ್ಳಕ್ಕೆ, ತಿಪ್ಪೆಗೆ, ರಸ್ತೆಯ ಬದಿಗೆ ಎಸೆಯುವುದು ಊರಿನ ಮರಿಗಳಿಗೆಲ್ಲ ಕೇಡು ಬಗೆದಂತೆ. ಬಾವಿ, ಹಳ್ಳಗಳಿಂದ ದೂರದಲ್ಲಿ ನಾಲ್ಕು ಅಡಿ ಆಳದ ಕುಣಿ ತೋಡಿ, ಸುಣ್ಣ ಹಾಕಿ ಹೂಳಬೇಕು. ಅದು ಮಲಗಿದ ಗೋಣಿ, ಹಗ್ಗಗಳನ್ನು ಸುಡಬೇಕು.

ಫರಸಿ ಹಾಕಿದ ನೆಲ, ತಟ್ಟೆ, ಸರಪಳಿಗಳಿಗೆ ಬ್ಲೀಚಿಂಗ್ ಪುಡಿ ಒಳ್ಳೆಯ ಮದ್ದು. ಕುಡಿಯುವ ನೀರಿನ ಬಾವಿಗೆ ಹಾಕುವ ಪುಡಿಯೇ ಇದು. ಮೊದಲು ಮಲ, ಮಣ್ಣು ಎಲ್ಲವನ್ನೂ ತೆಗೆದು ತೊಳೆಯಬೇಕು. ಹೊಲಸಿನ ಮೇಲೆ ಹೊಯ್ದ ಬ್ಲೀಚಿಂಗ್ ವ್ಯರ್ಥ. ಅನಂತರ ಹೊಸ ಪುಡಿಯನ್ನು ಒಂದು ಲೀಟರ್ ನೀರಿಗೆ 10 ಗ್ರಾಂ ಪ್ರಮಾಣದಲ್ಲಿ ಕಲಸಿ, ತಿಳಿಯನ್ನು ಸುರಿದು ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಬಿಡಬೇಕು. ಆಮೇಲೆ ನೀರಿನಿಂದ ತೊಳೆಯಬೇಕು. ಇದನ್ನು ಫೆನಾಯಿಲ್, ಆಮ್ಲ ಮುಂತಾದವುಗಳ ಜೊತೆ ಬೆರೆಸಬಾರದು. ಕೆಟ್ಟ ಹೊಗೆ ಏಳುತ್ತದೆ. ದನಕರು ನೆಕ್ಕದಂತೆ ನೋಡಿಕೊಳ್ಳಬೇಕು.

ಮಣ್ಣಿನ ಅಂಗಳಕ್ಕೆ ಈ ಉಪಾಯ ನಡೆಯದು. ಮಣ್ಣು ಬ್ಲೀಚಿಂಗನ್ನು ನುಂಗಿಬಿಡುತ್ತದೆ. ಅಲ್ಲಿ ನಮಗೆ ಸಹಾಯಕರು ಬಿಸಿಲು ಮತ್ತು ಕಾಲ. ಕಸ ತೆಗೆದು, ನೀರು ನಿಲ್ಲದಂತೆ ಮಾಡಿ, ಬಿಸಿಲು ಬೀಳುವಂತೆ ಬಿಡಬೇಕು. ಆದರೂ ಒಂದು ವರ್ಷ ತುಂಬುವವರೆಗೆ ಆ ಅಂಗಳವನ್ನು ನಂಬಬಾರದು. ನಾಯಿ ಬೇಕೇ ಬೇಕೆಂದರೆ ಚುಚ್ಚುಮದ್ದುಗಳೆಲ್ಲ ಮುಗಿದು ಎರಡು ವಾರವಾದ ಮರಿಯನ್ನು ತರಬೇಕೇ ಹೊರತು ಎಳೆಯ ಮರಿಯನ್ನಲ್ಲ. ನಮ್ಮ ಕುರಿಗಾರನ ಎರಡನೆಯ ತಪ್ಪು ಇದೇ ಆಗಿತ್ತು.

ಒಂದೇ ಚುಚ್ಚುಮದ್ದು ಏಕೆ ಸಾಲದು?

ಇನ್ನು ಮೊದಲನೆಯ ತಪ್ಪಿಗೆ ಬರೋಣ. ಇದನ್ನು ಎಲ್ಲರೂ ಲಕ್ಷ್ಯಗೊಟ್ಟು ತಿಳಿದುಕೊಳ್ಳಬೇಕು.

ಹುಟ್ಟಿದ ಮರಿ ತಾಯಿಯ ಮೊದಲ ಹಾಲಿನಿಂದ ರೋಗ ತಡೆಯುವ ಶಕ್ತಿಯನ್ನು ಪಡೆಯುತ್ತದೆ. ಇದು ತಾಯಿ ಕೊಟ್ಟ ಬುತ್ತಿ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬುತ್ತಿದ್ದರಲ್ಲ, ಹಾಗೆ. ಹಗೇವಿನ ಜೋಳ ದಿನ ದಿನ ಇಳಿಯುವಂತೆ ಈ ಶಕ್ತಿಯೂ ಇಳಿಯುತ್ತದೆ. ಹತ್ತು ದಿನಗಳಿಗೆ ಸುಮಾರು ಅರ್ಧವಾಗುತ್ತದೆ. ಚುಚ್ಚುಮದ್ದಿನಲ್ಲಿರುವುದು ಬಲ ಕುಂದಿಸಿದ ವೈರಸ್ಸು. ಮೈಯಲ್ಲಿ ತಾಯಿಯ ಶಕ್ತಿ ಉಳಿದಿರುವಾಗ ಅದು ಈ ಮದ್ದನ್ನೂ ವೈರಿಯೆಂದೇ ಬಗೆದು ಅಳಿಸಿಹಾಕುತ್ತದೆ. ಮರಿಯ ಮೈ ಏನನ್ನೂ ಕಲಿಯುವುದಿಲ್ಲ. ಹಾಕಿಸಿದ ಮದ್ದು ವ್ಯರ್ಥವಾಗುತ್ತದೆ.

ಹಾಗಾದರೆ ತಾಯಿಯ ಶಕ್ತಿ ಪೂರ್ತಿ ಮುಗಿದ ಮೇಲೆ ಹಾಕಿಸಿದರಾಯಿತಲ್ಲ ಎನ್ನಬಹುದು. ತೊಡಕು ಇರುವುದು ಇಲ್ಲಿಯೇ. ಉಳಿದ ಶಕ್ತಿ ಮದ್ದನ್ನು ಕೆಡಿಸುವಷ್ಟು ಇದ್ದು, ನಿಜವಾದ ರೋಗವನ್ನು ತಡೆಯುವಷ್ಟು ಇಲ್ಲದ ಕೆಲವು ದಿನಗಳು ಪ್ರತಿ ಮರಿಗೂ ಬರುತ್ತವೆ. ಒಂದೇ ತಾಯಿಯ ಮರಿಗಳಲ್ಲಿಯೂ ಹೆಚ್ಚು ಹಾಲು ಕುಡಿದದ್ದಕ್ಕೆ ತಡವಾಗಿ, ಕಡಿಮೆ ಕುಡಿದದ್ದಕ್ಕೆ ಬೇಗ ಆ ದಿನಗಳು ಬರುತ್ತವೆ. ಯಾವ ಮರಿಗೆ ಎಂದು ಬರುತ್ತದೆಂದು ಹೊರಗಿನಿಂದ ಕಾಣದು. ಆದ್ದರಿಂದಲೇ ಮದ್ದನ್ನು ಮತ್ತೆ ಮತ್ತೆ ಹಾಕಿಸಬೇಕು. ಒಂದು ವ್ಯರ್ಥವಾದರೆ ಮುಂದಿನದು ಹತ್ತುತ್ತದೆ.

ಕ್ರಮ ಹೀಗಿದೆ. ಮೊದಲನೆಯದು ಆರರಿಂದ ಎಂಟು ವಾರಗಳ ವಯಸ್ಸಿಗೆ. ಆಮೇಲೆ ಮೂರು ನಾಲ್ಕು ವಾರಗಳಿಗೊಮ್ಮೆ. ಕಡೆಯದು 16 ವಾರ ತುಂಬಿದ ಮೇಲೆ. ಈ ಕಡೆಯದೇ ಎಲ್ಲಕ್ಕಿಂತ ಮುಖ್ಯ. ಒಂದು ವರ್ಷಕ್ಕೆ ಮತ್ತೊಂದು. ಅನಂತರ ವೈದ್ಯರು ಹೇಳಿದಂತೆ. ನೆನಪಿಡಲು ಹಬ್ಬಗಳ ಲೆಕ್ಕ ಹಿಡಿಯಬಹುದು. ಅಧಿಕ ಮಾಸವಿಲ್ಲದ ವರ್ಷದಲ್ಲಿ ಯುಗಾದಿಗೆ ಹುಟ್ಟಿದ ಮರಿಗೆ ಆಗಿ ಹುಣ್ಣಿಮೆಯ ಹೊತ್ತಿಗೆ ಮೊದಲನೆಯದು, ಕಾರಹುಣ್ಣಿಮೆಗೆ ಎರಡನೆಯದು, ಆಷಾಢದ ಹುಣ್ಣಿಮೆಗೆ ಮೂರನೆಯದು, ನಾಗರಪಂಚಮಿಗೆ ಕಡೆಯದು. ಪಂಚಮಿಯ ಉಂಡಿ ಕಟ್ಟುವ ಹೊತ್ತಿಗೆ ಕಡೆಯ ಚುಚ್ಚುಮದ್ದು ಮುಗಿದಿರಬೇಕು.

ಈ ಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ನಮ್ಮ ಬೇಸಿಗೆಯಲ್ಲಿ ಅಂಗಡಿಯಿಂದ ಕಿಸೆಯಲ್ಲಿಟ್ಟುಕೊಂಡು ತಂದು ಮನೆಯಲ್ಲಿ ತಾವೇ ಚುಚ್ಚಿದರೆ ಬರೀ ನೀರು ಚುಚ್ಚಿದಂತಾಗಬಹುದು. ಮರಿಯನ್ನು ಪಶುವೈದ್ಯರ ಹತ್ತಿರ ಒಯ್ದು ಹಾಕಿಸಿ, ತಾರೀಖನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಜಂತುಹುಳದ ಔಷಧವನ್ನೂ ಕೊಡಿಸಬೇಕು. ಹುಚ್ಚುನಾಯಿ ರೋಗದ ಚುಚ್ಚುಮದ್ದು ಬೇರೆ. ಪಾರ್ವೋದ ಮದ್ದು ಅದರ ಕೆಲಸ ಮಾಡದು. ಅದನ್ನು ಮೂರು ತಿಂಗಳಿಗೆ ತಪ್ಪದೆ ಹಾಕಿಸಬೇಕು.

ಉಳಿದ ಪ್ರಾಣಿಗಳ ಮಾತು

ಪಾರ್ವೋ ಎಂಬುದು ಒಂದು ದೊಡ್ಡ ಬಳಗ. ನಾಯಿಯ ಪಾರ್ವೋ ನಿಮ್ಮ ಕುರಿ, ಆಡು, ದನಗಳಿಗೆ ಬರುವುದಿಲ್ಲ. ಮಕ್ಕಳಿಗೂ ಬರುವುದಿಲ್ಲ, ಮನುಷ್ಯರಿಗೆ ಬರುವ ಪಾರ್ವೋ ಬೇರೆಯೇ ಇದೆ. ಆದರೂ ರೋಗದ ಮರಿಯನ್ನು ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ದನಗಳ ಪಾರ್ವೋ ಒಂದುಂಟು. ಅದು ಎಳೆಗರುಗಳಲ್ಲಿ ಭೇದಿಗೆ ಕಾರಣವಾಗಬಹುದು. ಆದರೆ ಕರುಗಳ ಭೇದಿಗೆ ಬೇರೆ ಕಾರಣಗಳೇ ಹೆಚ್ಚು. ಬೆಕ್ಕಿನ ಪಾರ್ವೋ ಮರಿಬೆಕ್ಕುಗಳನ್ನು ನಾಯಿಮರಿಗಳಂತೆಯೇ ಕೊಲ್ಲುತ್ತದೆ. ಈಗಿನ ನಾಯಿಯ ಪಾರ್ವೋ ಕೂಡ ಬೆಕ್ಕಿಗೆ ಹತ್ತಬಲ್ಲದು.

ಹಂದಿ ಸಾಕುವವರು ಹಂದಿಯ ಪಾರ್ವೋವನ್ನು ತಿಳಿದಿರಬೇಕು. ಅದು ಕಳ್ಳ ರೋಗ. ತಾಯಿಹಂದಿಗೆ ಜ್ವರವಿಲ್ಲ, ಭೇದಿಯಿಲ್ಲ, ನೋಡಲು ಗಟ್ಟಿಮುಟ್ಟಾಗಿರುತ್ತದೆ. ಆದರೆ 114 ದಿನಗಳ ಗರ್ಭದಲ್ಲಿ ಮೊದಲ 70 ದಿನಗಳೊಳಗೆ ವೈರಸ್ಸು ತಗಲಿದರೆ ಮರಿಗಳು ಹೊಟ್ಟೆಯಲ್ಲಿಯೇ ಸತ್ತು ಕರಗುತ್ತವೆ, ಇಲ್ಲವೆ ಒಣಗಿ ಕಪ್ಪಾಗಿ ಹುಟ್ಟುತ್ತವೆ. ಚೊಚ್ಚಲ ಹಂದಿಗಳಲ್ಲಿ ಇದು ಹೆಚ್ಚು. ಗಬ್ಬ ಕಟ್ಟಿಸುವ ಮೊದಲೇ ಚುಚ್ಚುಮದ್ದು ಹಾಕಿಸುವುದು ಇದಕ್ಕೆ ಉಪಾಯ.

ನೆನಪಿಡಬೇಕಾದ ಮಾತುಗಳು

1. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಿ ತರಬೇಡಿರಿ. ತರುವಾಗ ಚುಚ್ಚುಮದ್ದಿನ ಚೀಟಿ ಕೇಳಿರಿ.

2. ಒಂದು ಚುಚ್ಚುಮದ್ದಿಗೆ ನಿಲ್ಲಿಸಬೇಡಿರಿ. 16 ವಾರ ತುಂಬಿದ ಮೇಲಿನದನ್ನು ತಪ್ಪಿಸಬೇಡಿರಿ.

3. ಕಡೆಯ ಚುಚ್ಚುಮದ್ದಾಗಿ ಎರಡು ವಾರ ಕಳೆಯುವವರೆಗೆ ಮರಿಯನ್ನು ಸಂತೆ, ಓಣಿ, ಬೇರೆ ನಾಯಿಗಳ ಹತ್ತಿರ ಬಿಡಬೇಡಿರಿ.

4. ವಾಂತಿ, ಭೇದಿ ಕಂಡ ದಿನವೇ ಪಶುವೈದ್ಯರನ್ನು ಕಾಣಿರಿ.

5. ಮರಿ ಸತ್ತ ಅಂಗಳಕ್ಕೆ ಒಂದು ವರ್ಷ ಎಳೆಯ ಮರಿಯನ್ನು ತರಬೇಡಿರಿ.

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೇನು ಬಂತು? ಬಾಗಿಲು ಹಾಕುವ ಹೊತ್ತು ಮರಿ ಆಡಿಕೊಂಡಿರುವ ಈ ಹೊತ್ತೇ. ನಿಮ್ಮ ಮನೆಯಲ್ಲಿ ನಾಲ್ಕು ತಿಂಗಳ ಒಳಗಿನ ಮರಿ ಇದ್ದರೆ ಇಂದೇ ಅದರ ಚೀಟಿಯನ್ನು ತೆಗೆದು ನೋಡಿರಿ. ಚೀಟಿ ಇಲ್ಲವಾದರೆ ನಾಳೆ ಮುಂಜಾನೆ ಮರಿಯನ್ನು ಎತ್ತಿಕೊಂಡು ಪಶು ಆಸ್ಪತ್ರೆಗೆ ನಡೆಯಿರಿ. ನೆರೆಮನೆಯಲ್ಲಿ ಮರಿ ಇದ್ದರೆ ಅವರಿಗೂ ಇದನ್ನು ಓದಿ ಹೇಳಿರಿ.